ಎಡಗಿವಿಯ ಹಸಿರು

ಹಸಿರು ಕೆರೆಯ ದಡ, ಲೀಪೆಸ್
18 ಆಗಸ್ಟ್ 1996

ಹಸಿಂತೊ,

ಈ ಕಾಗದ ತರುತ್ತಿರುವವನು ಕೆಂಪು ಗಡ್ಡದ ಡೆನ್ಮಾರ್ಕಿನವನು. ಎತ್ತರದ ತಲೆನೋವೆಂದು ಇಡೀ ದಿನ ನರಳಿದ. ಕೋಕಾ ಎಲೆ ಅಗಿಯೋ ಎಂದರೆ ಅದು ಅವನ ಊರಿನಲ್ಲಿ ಅಪರಾಧವಂತೆ. ಇಲ್ಲಿ ಅಗಿಯದೆ ನರಳುವುದೇ ಅಪರಾಧ ಎಂದೆ, ಅವನಿಗೆ ಅರ್ಥವಾಗಲಿಲ್ಲ. ಏನಾದರಾಗಲಿ, ಗಡಿ ದಾಟುವ ಪ್ರವಾಸಿಗಳೆಲ್ಲ ಈಗ ನನ್ನ ಅಂಚೆಯವರು. ಹೋದ ಸಲದ ಅಂಚೆಯವಳು ಮಾತ್ರ ಕೈಕೊಟ್ಟಳು. ನಿನಗೆ ಬರೆದದ್ದು ಕುಸ್ಕೊ ಊರನ್ನೆಲ್ಲ ಸುತ್ತಿ ಮುದ್ರೆ ಒತ್ತಿಸಿಕೊಂಡು ನನ್ನ ಕೈಗೇ ವಾಪಸು ಬಂತು. ಅದರಲ್ಲಿ ಬೈದದ್ದೇ ಹೆಚ್ಚಿತ್ತು, ಹೋಗಲಿ ಬಿಡು.

ಹೋದ ವಾರ ಒಬ್ಬ ಫೋಟೋದವನು ಬಂದಿದ್ದ. ಅಂಗಡಿಗಳಲ್ಲಿ ಮಾರುವ ಚಿತ್ರದ ಕಾರ್ಡು ಮಾಡಿಸುತ್ತಾನಂತೆ. ಕೆರೆಯ ದಡದಲ್ಲಿ ನಮ್ಮ ಲಾಮಾಗಳನ್ನು ನಿಲ್ಲಿಸು ಎಂದ. ಒಂದು ಎಸಳು ಹುಲ್ಲಿಲ್ಲದ ಕಡೆ ಯಾವ ಲಾಮಾ ನಿಲ್ಲುತ್ತದೆ? ಉಪ್ಪು ಕೈಯಲ್ಲಿ ಹಿಡಿದು ಆಸೆ ತೋರಿಸಿ ನಿಲ್ಲಿಸಿದೆ. ಆಮೇಲೆ ಕೆರೆಯ ಮೇಲೆ ಸಿಟ್ಟಾದ.

"ಏನಮ್ಮಾ, ಹಸಿರು ಕೆರೆ ಅಂದ್ರು, ಇದು ಪಾತ್ರೆ ತೊಳೆದ ನೀರಿನ ಥರ ಇದೆಯಲ್ಲ?"

"ಗಾಳಿ ಏಳಲಿ, ಆಮೇಲೆ ಮಾತಾಡು" ಅಂದೆ.

ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದಿತು, ಕೆರೆ ಮೈ ಕೊಡವಿ ಹಸಿರಾಯಿತು, ಅವನ ಬಾಯಿ ಮುಚ್ಚಿತು. ಹತ್ತಿರ ಹೋಗಿ ಮುಟ್ಟಲು ನೋಡಿದ್ದಕ್ಕೆ ನಿನ್ನ ಮುದ್ದಿನ ಬಿಳಿಯ ಲಾಮಾ ಅವನ ಮುಖಕ್ಕೆ ಸರಿಯಾಗಿ ಉಗಿಯಿತು. ಆಮೇಲೆ ಗಾಡಿಯಿಂದ ಕೆಳಗೇ ಇಳಿಯಲಿಲ್ಲ, ಕಿಟಕಿಯಿಂದಲೇ ತೆಗೆದ.

ಕಿವಿಯ ಗೊಂಡೆಗಳು ಅಲಂಕಾರಕ್ಕೋ ಎಂದು ಕೇಳಿದ. ಬಲಗಿವಿಯ ಹಳದಿ ಉಣ್ಣೆ ನನ್ನ ಮನೆಯದು, ಎಡಗಿವಿಯ ಹಸಿರು ನನ್ನ ಗಂಡಿನದು, ಎರಡೂ ಇದ್ದರೆ ಕೂಡಿ ಬಾಳುವವರ ಮಂದೆ ಎಂದು ಹೇಳಿದೆ. "ಅದಲು ಬದಲು ಮಾಡಿದ್ರೆ?" ಅಂದ. ಹಾಗೆ ಮಾಡಿದರೆ ಮನೆ ಮುರಿಯಿತು, ಮಂದೆ ಪಾಲಾಯಿತು ಅಂತ, ತಮಾಷೆಗೂ ಯಾರೂ ಮಾಡುವುದಿಲ್ಲ ಅಂತ ಅಂದೆ. ನಕ್ಕ. ನಗುವಂಥದ್ದೇನೋ ನನಗೆ ಕಾಣಲಿಲ್ಲ.

ಈಗ ಮುಖ್ಯ ಮಾತು. ನೀನು ಹೋಗಿ ಮೂರು ವರ್ಷ. ಮದುವೆಗೆ ಮುಂಚಿನ ನಮ್ಮ ಪದ್ಧತಿಯಂತೆ ಕೂಡಿ ಇದ್ದದ್ದು ಒಂದೇ ವರ್ಷ. ದೊಡ್ಡಪ್ಪ ಫೌಸ್ತಿನೊ ಊರ ಹಿರಿಯರ ಪರವಾಗಿ ಬಂದು ಹೇಳಿ ಹೋದ: "ಬರೋ ಫೆಬ್ರವರಿ ಕಾರ್ನಿವಲ್ ಹಬ್ಬಕ್ಕೆ ಪಾದ್ರಿಯೋ ಕತ್ತರಿಯೋ, ಒಂದಾಗ್ಲಿ ತಾಯಿ. ಹೀಗೆ ನೇತಾಡೋ ಸಂಸಾರ ಊರಿಗೆ ಒಳ್ಳೇದಲ್ಲ." ನೀನು ಬಂದರೆ ಚರ್ಚಿನಲ್ಲಿ ಮದುವೆ. ಬಾರದಿದ್ದರೆ ನಿನ್ನ ಗೊಂಡೆ ಕತ್ತರಿಸಿ, ಅರ್ಧ ಮಂದೆ ನಿನ್ನ ತಾಯಿಯ ದೊಡ್ಡಿಗೆ. ನನಗೆ ಪಾದ್ರಿಯೇ ಬೇಕು. ಬರೆಯಲು ನಾಚಿಕೆಯೇನಿಲ್ಲ.

ನಿನ್ನ ತಾಯಿ ಗ್ರೆಗೋರಿಯಾ ಮಾತ್ರ ಧೈರ್ಯದಲ್ಲಿದ್ದಾಳೆ. "ಬರ್ತಾನೆ ಬಿಡೆ. ಅವನು ಹುಟ್ಟುವಾಗ್ಲೂ ತಡ ಮಾಡಿದೋನೇ."

ಬೆನಿಟಾ


ಸಾನ್ ಪೆದ್ರೊ, ಚಿಲಿ
22 ಸೆಪ್ಟೆಂಬರ್ 1996

ಪ್ರೀತಿಯ ಬೆನಿಟಾ,

ನಿನ್ನ ಕೆಂಪು ಗಡ್ಡದವನು ಕಾಗದ ಕೊಟ್ಟ. ಕೊಡುವಾಗ ಎಲೆ ಅಗಿಯುತ್ತಿದ್ದ, ಅದಕ್ಕೇ ಅವನನ್ನು ನಂಬಿದೆ.

ನಾನು ಈಗ ಬಿಸಿಬುಗ್ಗೆಗಳ ಕಡೆಗೆ ಜನರನ್ನು ಕರೆದೊಯ್ಯುತ್ತಿದ್ದೇನೆ. ಬೆಳಕು ಹರಿಯುವ ಮುಂಚೆ ಹೊರಟರೆ ಮಾತ್ರ ಉಗಿ ಕಾಣುತ್ತದೆ, ಬಿಸಿಲು ಏರಿದ ಮೇಲೆ ಹೋದರೆ ಬರೀ ಕುದಿಯುವ ತೂತುಗಳು. ನೆಲ ಗುಡುಗುತ್ತದೆ, ಉಗಿ ಆಳೆತ್ತರ ಏಳುತ್ತದೆ, ಇವರು ಕೋಳಿಮೊಟ್ಟೆ ಬೇಯಿಸಿ ತಿನ್ನುತ್ತಾರೆ. ಒಬ್ಬ ಹೆಂಗಸು ಕೇಳಿದಳು: "ಇದನ್ನು ಬೆಳಗ್ಗೆ ಯಾರು ಹಚ್ಚುತ್ತಾರೆ?" ನಾನೇ ಎಂದೆ. ಕೈ ಕುಲುಕಿದಳು.

ನನ್ನ ಯಜಮಾನ ಲಿಂದೊರೊ ಒಳ್ಳೆಯವನು. ನನ್ನ ಮಾತು ಪ್ರವಾಸಿಗಳಿಗೆ ಹಿಡಿಸುತ್ತದಂತೆ. ಲಿಕಾಂಕಾಬುರ್ ಬೆಟ್ಟದ ಕಥೆಯನ್ನೂ ನನ್ನಿಂದಲೇ ಹೇಳಿಸುತ್ತಾನೆ. ಅಣ್ಣನ ಹುಡುಗಿಗೆ ಆಸೆಪಟ್ಟ ಜುರಿಕೆಸ್, ಸಿಟ್ಟಿಗೆದ್ದ ಅಪ್ಪ, ಹಾರಿಹೋದ ತಲೆ. ಲಿಕಾಂಕಾಬುರಿನ ಪಕ್ಕದಲ್ಲಿ ತಲೆಯಿಲ್ಲದೆ ನಿಂತ ಜುರಿಕೆಸ್ ಬೆಟ್ಟವನ್ನು ತೋರಿಸಿದರೆ ಎಲ್ಲರೂ ಹೋ ಎನ್ನುತ್ತಾರೆ. ಬೆಳಗ್ಗೆ ಮುಖ ತೊಳೆಯುವಾಗ ಬೆಟ್ಟ ಕಾಣುತ್ತದೆ. ಅದರ ಆಚೆ ನೀನೂ ಇದನ್ನೇ ನೋಡುತ್ತಿರುತ್ತೀಯ ಎಂದುಕೊಳ್ಳುತ್ತೇನೆ. ಅಷ್ಟಕ್ಕೇ ಆ ದಿನ ಸರಾಗವಾಗಿ ಹೋಗುತ್ತದೆ.

ಬರುವ ವಿಷಯ. ನನ್ನ ಪರವಾನಗಿ ಇನ್ನೂ ಯಾವುದೋ ಮೇಜಿನ ಮೇಲಿದೆ. ಅದಿಲ್ಲದೆ ಗಡಿ ದಾಟಿದರೆ ಮತ್ತೆ ಈ ಕಡೆ ಬಿಡುವುದಿಲ್ಲ, ನಿನಗೆ ಗೊತ್ತಿರುವುದೇ. ಆದರೂ ಕಾರ್ನಿವಲ್‌ಗೆ ಬರುತ್ತೇನೆ ಅಂದರೆ ಬರುತ್ತೇನೆ. ದೊಡ್ಡಪ್ಪನಿಗೆ ಕತ್ತರಿಯನ್ನು ಒಳಗಿಡಲು ಹೇಳು.

ನಿನ್ನ ಹಸಿಂತೊ


ಹಸಿರು ಕೆರೆಯ ದಡ
27 ಅಕ್ಟೋಬರ್ 1996

ಹಸಿಂತೊ,

ನಾನು ಕೇಳಿದ್ದು ಒಂದು, ನೀನು ಬರೆದದ್ದು ಉಗಿ. ಯಾವ ವಾರ ಬರುತ್ತೀಯ? ಪಾದ್ರಿ ಕೆಳಗಿನ ಊರಿನಿಂದ ಬರಬೇಕು, ಅವನಿಗೆ ಮುಂಚೆ ಹೇಳಬೇಕು. ಮದುವೆಯ ಚಿಚಾ ಹೆಂಡ ಹುದುಗು ಬರಲು ಹೊತ್ತು ಬೇಕು. "ಅಂದರೆ ಬರುತ್ತೇನೆ" ಎಂಬುದನ್ನು ನಾನು ಯಾವ ಮಡಕೆಯಲ್ಲಿ ಹಾಕಿ ಕುದಿಸಲಿ?

ಪ್ರವಾಸಿಗಳು ಹೆಚ್ಚಾಗಿದ್ದಾರೆ. ಅವರಿಗೆ ಬಾಡಿಗೆಗೆ ಕೊಡುವ ಮಣ್ಣಿನ ಮಂಚಗಳ ಸಾಲು ಒಂದು ದಿನವೂ ಖಾಲಿ ಇಲ್ಲ. ಜೀಪಿನ ತೋರಿಬಿಯೊ ಹಿಟ್ಟು, ಸೀಮೆಎಣ್ಣೆ ಎಲ್ಲ ತಂದು ಕೊಡುತ್ತಾನೆ. ಸೂರು ಗಾಳಿಗೆ ಎದ್ದಿತ್ತು, ಅದರ ಮೇಲೆ ಕಲ್ಲು ಹೇರಿದವನೂ ಅವನೇ. ಅವನು ಏನೇನೋ ಹರಟುತ್ತಾನೆ, ಬರೆಯುವಂಥದ್ದಲ್ಲ.

ನಿನ್ನ ತಾಯಿಗೆ ಮಂಡಿನೋವು. ಆದರೂ ದಿನಾ ಬಂದು ನನ್ನ ಸಾರಿಗೆ ಉಪ್ಪು ಕಡಿಮೆ ಎಂದು ಹೇಳಿ, ಎರಡು ಬಟ್ಟಲು ಕುಡಿದು ಹೋಗುತ್ತಾಳೆ.

ವಾರ ಬರೆ.

ಬೆನಿಟಾ


ಸಾನ್ ಪೆದ್ರೊ
24 ನವೆಂಬರ್ 1996

ಬೆನಿಟಾ,

ಇಲ್ಲಿಯ ಅಂಗಡಿಯಲ್ಲಿ ಕಾರ್ಡು ಬಂದಿದೆ. ನಮ್ಮ ಲಾಮಾಗಳಿವೆ. ನೋಡಬೇಕಾದ್ದನ್ನು ನೋಡಿದೆ.

ನಾನು ಜಗಳ ಮಾಡುವವನಲ್ಲ. ಪದ್ಧತಿಯಂತೆ ಕಳಿಸಬೇಕಾದ್ದನ್ನು ಇದರ ಜೊತೆ ಕಳಿಸಿದ್ದೇನೆ. ತೋರಿಬಿಯೊ ಸೂರನ್ನು ಚೆನ್ನಾಗಿ ಹೊದೆಸಲಿ.

ಹಸಿಂತೊ ಬೆರ್ನಾ


ಹಸಿರು ಕೆರೆಯ ದಡ
8 ಡಿಸೆಂಬರ್ 1996

ಮುದ್ದು ಹಸಿಂತೊ,

ಹಸಿರು ಉಣ್ಣೆ ಬಂತು! ಎಷ್ಟು ಖುಷಿಯಾಯಿತು ಗೊತ್ತಾ? ಕಾಗದ ಇಷ್ಟೇ ಇಷ್ಟು, ಆದರೆ ಉಣ್ಣೆಯೇ ಮಾತಾಡಿತು. ಹಳೆಯ ಗೊಂಡೆಗಳು ಬಿಸಿಲಿಗೆ ಬಣ್ಣ ಬಿಟ್ಟಿವೆ, ಕಾರ್ನಿವಲ್‌ಗೆ ಹೊಸತು ಕಟ್ಟಬೇಕೆಂದು ನಾನೇ ಬಣ್ಣ ಕುದಿಸಲು ಹೊರಟಿದ್ದೆ. ನೀನು ಅಲ್ಲಿಂದಲೇ ನೆನೆದು ಕಳಿಸಿದೆ. ಒಂದು ಹಿಡಿ ಮಾತ್ರ ಇದೆ, ಎಲ್ಲ ಕಿವಿಗೂ ಸಾಲದು, ಬರುವಾಗ ಇನ್ನಷ್ಟು ತಾ. ನೂಲದ ಹಸಿ ಉಣ್ಣೆ ಯಾಕೆ ಕಳಿಸಿದೆ ಎಂದು ಮಾತ್ರ ತಿಳಿಯಲಿಲ್ಲ. ಅಲ್ಲಿ ನಿನಗೆ ನೂತು ಕೊಡುವವರು ಯಾರೂ ಇಲ್ಲವಲ್ಲ, ಅದೂ ನನಗೆ ಒಳ್ಳೆಯದೇ ಅನ್ನಿಸಿತು.

ಕಾರ್ಡು ಹೇಗಿದೆ, ಹೇಳಬಾರದೇ? ಒಂದನ್ನು ಕಳಿಸಬಾರದೇ? ನನ್ನ ಲಾಮಾ, ನನ್ನ ಕೆರೆ. ನೋಡುವ ಯೋಗ ಮಾತ್ರ ಆ ಕಡೆಯವರಿಗೆ.

ಇನ್ನೊಂದು ವಿಚಿತ್ರ. ನಿನ್ನ ಉಣ್ಣೆಯನ್ನು ನಿನ್ನ ತಾಯಿಗೆ ತೋರಿಸಿದೆ. ಕೈಯಲ್ಲಿ ಹಿಡಿದು ನೋಡಿದಳು. ಮುಖ ಸಣ್ಣದಾಯಿತು. ಸಾರು ಬಡಿಸಿದ್ದೆ, ಮುಟ್ಟದೆ ಎದ್ದು ಹೋದಳು. ಅವತ್ತಿನಿಂದ ಈ ಕಡೆ ಹೆಜ್ಜೆ ಇಟ್ಟಿಲ್ಲ. ಬಾಗಿಲಿಗೆ ಹೋದರೆ "ಮಂಡಿ ನೋವು" ಅನ್ನುತ್ತಾಳೆ. ಮಂಡಿ ನೋಯುವವಳು ನೆಲದಿಂದ ಹಾಗೆ ಚಂಗನೆ ಏಳುತ್ತಾಳಾ? ನಾನೇನು ತಪ್ಪು ಮಾಡಿದೆ? ಬಹುಶಃ ಮಗ ತಾಯಿಗೆ ಏನೂ ಕಳಿಸಲಿಲ್ಲ ಎಂದು ನೋವಾಗಿರಬೇಕು. ಅವಳಿಗೊಂದು ಶಾಲು ತಾ.

ತೋರಿಬಿಯೊ ಸೂರಿನ ಮಾತೂ ಅರ್ಥವಾಗಲಿಲ್ಲ. ಸೂರು ಈಗ ಚೆನ್ನಾಗಿಯೇ ಇದೆ. ಅವನಿಗೆ ನಿನ್ನ ಮೆಚ್ಚುಗೆ ಹೇಳಿದೆ. ನನ್ನನ್ನು ಒಂಥರಾ ನೋಡಿದ.

ನಿನ್ನ ಬೆನಿಟಾ


ಸಾನ್ ಪೆದ್ರೊ
5 ಜನವರಿ 1997

ಬೆನಿಟಾ,

ಹಂಗಿಸುವುದಕ್ಕೂ ಒಂದು ಮಿತಿ ಇರಬೇಕು. ಗಂಡು ಒಂದು ಹಿಡಿ ನೂಲದ ಉಣ್ಣೆಯನ್ನು ಯಾಕೆ ವಾಪಸು ಕಳಿಸುತ್ತಾನೆ ಎಂಬುದು ನಿನಗೆ ಗೊತ್ತಿಲ್ಲವೇ? "ಸರಿ, ನಿನ್ನ ದಾರಿ ನಿನಗೆ, ಒಪ್ಪಿದೆ" ಎಂದು. ಅದಕ್ಕೆ ನೀನು "ಸಾಲದು, ಇನ್ನಷ್ಟು ತಾ" ಎಂದು ಬರೆಯುತ್ತೀಯ. ಓದಿ ಬುಗ್ಗೆಯ ಬಳಿ ಕೂತುಬಿಟ್ಟೆ. ಪ್ರವಾಸಿಗಳು ಉಗಿ ಕಣ್ಣಿಗೆ ಹೋಯಿತೆಂದು ತಿಳಿದರು.

ನಿನಗೆ ಗೊತ್ತಿಲ್ಲದಂತೆ ನಟಿಸುತ್ತೀಯಾದ್ದರಿಂದ ಬಿಡಿಸಿ ಬರೆಯುತ್ತೇನೆ. ಕಾರ್ಡನ್ನೇ ಇಟ್ಟಿದ್ದೇನೆ, ನೋಡು. ಕೆರೆ ಇದ್ದ ಹಾಗೇ ಇದೆ. ಬೆಟ್ಟ ಇದ್ದ ಹಾಗೇ ಇದೆ, ತಲೆಯಿಲ್ಲದವನೂ ತನ್ನ ಜಾಗದಲ್ಲಿಯೇ ನಿಂತಿದ್ದಾನೆ. ನನ್ನ ಬಿಳಿಯ ಲಾಮಾ ಎಲ್ಲಕ್ಕಿಂತ ಮುಂದೆ. ಅದರ ಬಲಗಿವಿಯಲ್ಲಿ ನನ್ನ ಹಸಿರು, ಎಡಗಿವಿಯಲ್ಲಿ ನಿನ್ನ ಹಳದಿ. ಹಿಂದಿನವುಗಳಿಗೂ ಹಾಗೇ. ಎಲ್ಲವೂ ಅದಲು ಬದಲು. ಲೋಕಕ್ಕೆಲ್ಲ ಮಾರುವ ಕಾರ್ಡಿನಲ್ಲಿ ನನ್ನ ಮನೆ ಮುರಿದದ್ದನ್ನು ಪ್ರಕಟಿಸಿದ್ದೀಯ. ಇಲ್ಲಿ ನಮ್ಮ ಕಡೆಯ ಇಬ್ಬರು ಕೂಲಿಯವರಿದ್ದಾರೆ. ಅವರೂ ಅಂಗಡಿಯಲ್ಲಿ ನೋಡಿದರು. ನನಗೆ ಒಂದು ಲೋಟ ಕುಡಿಸಿದರು. ಆ ಮರುಕವನ್ನು ನುಂಗುವುದು ಕಷ್ಟವಾಯಿತು.

ಹೇಳಿ ಮಾಡಿದ್ದರೆ ನಾನೇನು ಅನ್ನುತ್ತಿದ್ದೆ? ಮೂರು ವರ್ಷ ದೂರ ಇದ್ದವನಿಗೆ ಕೇಳುವ ಬಾಯಿ ಎಲ್ಲಿಯದು. ಆದರೆ ಆಗಸ್ಟಿನಲ್ಲೇ ಗೊಂಡೆ ತಿರುಗಿಸಿಟ್ಟು, ಅದೇ ಕಾಗದದಲ್ಲಿ "ಪಾದ್ರಿಯೇ ಬೇಕು" ಎಂದು ಯಾಕೆ ಬರೆದೆ? ಅದೊಂದು ನನಗೆ ತಿಳಿಯುತ್ತಿಲ್ಲ.

ಹಸಿಂತೊ


ಹಸಿರು ಕೆರೆಯ ದಡ
14 ಜನವರಿ 1997

ಹಸಿಂತೊ,

ನಿನ್ನ ಕಾಗದ ಓದಿದ ತಕ್ಷಣ ದೊಡ್ಡಿಗೆ ಓಡಿದೆ. ಒಂದೊಂದೇ ಲಾಮಾದ ತಲೆ ಹಿಡಿದು ನೋಡಿದೆ. ಬಲಕ್ಕೆ ಹಳದಿ, ಎಡಕ್ಕೆ ಹಸಿರು. ನೀನು ಹೋಗುವ ದಿನ ಹೇಗಿತ್ತೋ ಹಾಗೆ. ಮತ್ತೆ ಕಾರ್ಡು ನೋಡಿದೆ. ಅದರಲ್ಲಿ ತಿರುವುಮುರುವು. ಮತ್ತೆ ದೊಡ್ಡಿಗೆ ಹೋದೆ. ಹೀಗೆ ಓಡಾಡಿ ಓಡಾಡಿ ನನ್ನ ಎಡಗೈ ಯಾವುದು ಬಲಗೈ ಯಾವುದು ಎಂಬುದೇ ಮರೆತುಹೋಯಿತು. ಪ್ರವಾಸಿಗಳು ನನಗೂ ಎತ್ತರದ ತಲೆನೋವು ಬಂದಿದೆ ಎಂದು ಮಾತ್ರೆ ಕೊಟ್ಟರು.

ನಾನು ಮಾಡಿಲ್ಲ. ನನ್ನ ತಾಯಿಯ ಮಣ್ಣಿನ ಆಣೆ, ನಾನು ಮಾಡಿಲ್ಲ. ಹಿಡಿ ಉಣ್ಣೆಯ ಅರ್ಥ ಗೊತ್ತಿತ್ತು, ಆದರೆ ಮುರಿಯದ ಮನೆಗೆ ಅದು ಬರುತ್ತದೆಂದು ಯಾಕೆ ಯೋಚಿಸಲಿ? ಬಾಗಿಲು ತಟ್ಟಿದರೆ ನೆಂಟರು ಬಂದರು ಅನ್ನುತ್ತೇವೆ, ಸಾವು ಬಂತು ಅನ್ನುತ್ತೇವಾ?

ಹಿರಿಯರನ್ನು ಕರೆದೆ. ಮುಚ್ಚಿಡುವುದು ಇನ್ನೇನಿದೆ. ಅಂಗಳದಲ್ಲಿ ಬಿಸಿಲಿಗೆ ಕೂತು ಎಲ್ಲರೂ ಕಾರ್ಡಿನ ಮೇಲೆ ಬಾಗಿದರು.

"ಕಿವಿ ಬದಲಾಗಿದೆ, ಸುಳ್ಳಲ್ಲ" ಎಂದ ದೊಡ್ಡಪ್ಪ ಫೌಸ್ತಿನೊ. "ಇವಳು ಮಾಡಿಲ್ಲ ಅಂದ್ರೆ ಮತ್ಯಾರು? ಫೋಟೋದವ್ನು ಬಿಚ್ಚಿ ಕಟ್ಟಿದ್ನಾ?"

"ಉಗಿಸ್ಕೊಂಡ ಮೇಲೆ ಅವ್ನು ಗಾಡಿ ಬಿಟ್ಟು ಇಳೀಲೇ ಇಲ್ಲ ದೊಡ್ಡಪ್ಪ" ಅಂದೆ.

"ಹಾಗಾದ್ರೆ ಕೆರೆ ಮಾಡಿರಬೇಕು. ನೀರಿಗೆ ಮನುಷ್ಯರ ಮುಖ ತಿರುಗಿಸೋ ಚಾಳಿ ಇದೆ."

"ಕೆರೆಗೆ ಗಂಟು ಹಾಕೋಕೆ ಬರುತ್ತೇನೋ ಮುದಿಯಾ?" ಎಂದಳು ನಿನ್ನ ತಾಯಿ. ಆಮೇಲೆ ನನ್ನ ಕಡೆ ತಿರುಗಿದಳು. "ಹಿಡಿ ಉಣ್ಣೆ ನೋಡಿದಾಗ್ಲೇ ನಂಗೆ ಗೊತ್ತಾಯ್ತು ಕಣೆ. ನೀನೇ ನನ್ನ ಮಗನ್ನ ಹೊರಗೆ ಹಾಕ್ದೆ, ಹಾಕಿದ್ದೂ ಅಲ್ದೆ ಹಲ್ಲು ಕಿರಿದು ತೋರಿಸ್ತಿದ್ದೀಯ ಅನ್ಕೊಂಡೆ. ನಿನ್ನ ಸಾರು ಗಂಟಲಲ್ಲಿ ಇಳಿಯುತ್ತಾ ಆಗ?"

ನಾನು ಅವಳನ್ನೇ ಅನುಮಾನಿಸಿದ್ದೆ ಎಂದು ಹೇಳಲಿಲ್ಲ. ನಿನಗೆ ಹೇಳುತ್ತಿದ್ದೇನೆ. ರಾತ್ರಿ ಬಂದು ಗೊಂಡೆ ಬದಲಿಸಿ, ಫೋಟೋ ಆದ ಮೇಲೆ ಸರಿ ಮಾಡಿದಳೇನೋ ಎಂದು ಒಂದು ಗಳಿಗೆ ಅಂದುಕೊಂಡೆ. ತೋರಿಬಿಯೊನನ್ನೂ ಅನುಮಾನಿಸಿದೆ. ಅವನು ಅಕ್ಟೋಬರಿನಲ್ಲಿ ನನಗೆ ಹೇಳಿದ್ದ, "ಎಡಗಿವಿ ಖಾಲಿ ಆದ್ರೆ ನಂಗೊಂದು ಮಾತು ಹೇಳು ಬೆನಿಟಾ, ನಮ್ಮನೇದು ನೀಲಿ ಉಣ್ಣೆ" ಎಂದು. ಒಲೆಯ ಕೊಳ್ಳಿ ತೋರಿಸಿ ಅಟ್ಟಿದ್ದೆ. ನಿನಗೆ ಬರೆದರೆ ಸುಮ್ಮನೆ ಕೊರಗುತ್ತೀಯ ಎಂದು ಬರೆದಿರಲಿಲ್ಲ. ಈಗ ಅವನು ಅಂಗಳದಲ್ಲಿ ಎಲ್ಲರ ಎದುರು ಅದನ್ನು ತಾನೇ ಒಪ್ಪಿಕೊಂಡ: "ಕೇಳಿದ್ದು ನಿಜ. ಆದ್ರೆ ಬೇರೆಯವನ ಗಂಟು ಬಿಚ್ಚೋ ಜಾತಿ ನಂದಲ್ಲ."

ಒಬ್ಬೊಬ್ಬರೂ ಎದ್ದು ದೊಡ್ಡಿಗೆ ಹೋಗಿ, ಕಿವಿ ನೋಡಿ, ಬಂದು ಕಾರ್ಡು ನೋಡಿ, ತಲೆ ಕೆರೆದುಕೊಂಡರು. ಕಿವಿ ಬಿಟ್ಟು ಬೇರೇನನ್ನೂ ಯಾರೂ ನೋಡಲಿಲ್ಲ.

ನನಗೆ ಬುದ್ಧಿ ಕಲಸಿಹೋಗಿದೆ. ಕಣ್ಣೆದುರಿನ ಲಾಮಾ ನಂಬಲೋ, ಕಾರ್ಡು ನಂಬಲೋ? ನೀನು ಯಾವುದನ್ನು ನಂಬುತ್ತೀಯ?

ಬೆನಿಟಾ


ಹಸಿರು ಕೆರೆಯ ದಡ
19 ಜನವರಿ 1997

ಹಸಿಂತೊ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಗೊತ್ತಾಯಿತು.

ಇಟಲಿಯ ಒಬ್ಬ ಮುದುಕ ಬಂದಿಳಿದಿದ್ದಾನೆ. ನಿನ್ನೆ ಬೆಳಗ್ಗೆ ಕಿಟಕಿಯಲ್ಲಿ ಅಂಗೈ ಅಗಲದ ಕನ್ನಡಿ ಇಟ್ಟು ಗಡ್ಡ ಹೆರೆದುಕೊಳ್ಳುತ್ತಿದ್ದ. ನಾನು ಬಿಸಿನೀರು ತಂದೆ. ಕಾರ್ಡು ನನ್ನ ಎದೆಯ ಬಳಿ ಶಾಲಿನಲ್ಲಿ ಸಿಕ್ಕಿಸಿಕೊಂಡದ್ದು ಹಾಗೇ ಇತ್ತು. ಕನ್ನಡಿಯಲ್ಲಿ ಕಂಡಿತು. ಬಿಳಿಯ ಲಾಮಾ. ಬಲಗಿವಿಗೆ ಹಳದಿ, ಎಡಗಿವಿಗೆ ಹಸಿರು.

ತಂಬಿಗೆ ಕೈಜಾರಿ ಅವನ ಕಾಲಿನ ಮೇಲೆ ಬಿತ್ತು. ಪಾಪ, ಕುಣಿದಾಡಿದ. ಆಮೇಲೆ ಪ್ರವಾಸಿಗಳ ಮಾತು ಬಲ್ಲ ತೋರಿಬಿಯೊನನ್ನು ಕರೆಸಿ ಕೇಳಿಸಿದೆ. ಮುದುಕ ನಕ್ಕು ಹೇಳಿದನಂತೆ: ಅಚ್ಚು ಹಾಕುವವರು ಫೋಟೋದ ಸುರುಳಿಯನ್ನು ಹಿಂದುಮುಂದಾಗಿ ಇಟ್ಟಿರುತ್ತಾರೆ, ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿ ಹಾಕಿಕೊಂಡ ಹಾಗೆ, ಅದು ದಿನಾ ಆಗುವ ತಪ್ಪು. ಅಷ್ಟೇ. ಕೆರೆಯಲ್ಲ, ನಿನ್ನ ತಾಯಿಯಲ್ಲ, ನಾನಲ್ಲ.

ನಿನ್ನ ತಾಯಿ ಬಂದು ಮೂರು ಬಟ್ಟಲು ಸಾರು ಕುಡಿದಳು, ಉಪ್ಪಿನ ಮಾತೆತ್ತಲಿಲ್ಲ. ನಾನೂ ನಕ್ಕೆ, ಅತ್ತೆ. ಹಗುರಾಯಿತು. ನಿನಗೆ ಬರೆಯಲು ಕೂತೆ.

ಕೂತ ಮೇಲೆ ಕಾರ್ಡನ್ನು ಕಿಟಕಿಗೆ ಒರಗಿಸಿಟ್ಟೆ. ಹೊರಗೆ ಬೆಟ್ಟವಿತ್ತು. ಹೊರಗೆ ತಲೆಯಿಲ್ಲದವನು ಲಿಕಾಂಕಾಬುರಿನ ಎಡಕ್ಕೆ ನಿಂತಿದ್ದಾನೆ, ನಾನು ಹುಟ್ಟಿದಾಗಿನಿಂದ ಹಾಗೇ. ಕಾರ್ಡಿನಲ್ಲಿ ಬಲಕ್ಕೆ. ಕಿವಿಗಿಂತ ದೊಡ್ಡದು, ಮೊದಲು ಕಾಣಬೇಕಾದ್ದು ಅದೇ. ನಾವು ಅಂಗಳದಲ್ಲಿ ಇಷ್ಟು ಜನ ಕೂತಿದ್ದೆವಲ್ಲ, ಬೆಟ್ಟ ನಮ್ಮ ಬೆನ್ನ ಹಿಂದೆಯೇ ಇತ್ತು. ನಾವು ಮಂದೆ ಕಾಯುವವರು, ಕಿವಿ ನೋಡಿದೆವು, ಬೆಟ್ಟ ನೋಡಲಿಲ್ಲ. ನಮ್ಮದು ಪೆದ್ದುತನ.

ಆದರೆ ನೀನು ನೋಡಿದ್ದೆ. ನಿನ್ನ ಕಾಗದ ಮತ್ತೆ ತೆಗೆದು ಓದಿದೆ. "ಬೆಟ್ಟ ಇದ್ದ ಹಾಗೇ ಇದೆ, ತಲೆಯಿಲ್ಲದವನೂ ತನ್ನ ಜಾಗದಲ್ಲಿಯೇ ನಿಂತಿದ್ದಾನೆ." ನೀನು ಇಲ್ಲಿ ಹುಟ್ಟಿದವನು. ಈ ಬೆಟ್ಟದ ಎದುರು ಲಾಮಾ ಕಾದವನು. ತಿರುಗಾಮುರುಗಾ ಆದ ಬೆಟ್ಟವನ್ನು ಕೈಯಲ್ಲಿ ಹಿಡಿದು, ನೋಡಿ, ಸರಿಯಾಗಿದೆ ಎಂದು ಬರೆದೆ. ಯಾಕೆಂದರೆ ಸಾನ್ ಪೆದ್ರೊ ಕಡೆಯಿಂದ ಅದು ಹಾಗೇ ಕಾಣುತ್ತದೆ, ಅಲ್ಲವೇ? ತೋರಿಬಿಯೊನನ್ನು ಕೇಳಿದೆ. ಹೌದು ಎಂದ. ಆ ಕಡೆಯಿಂದ ಅವನು ಬಲಕ್ಕೆ.

ಕಿವಿಯ ವಿಷಯಕ್ಕೆ ನನಗೆ ಸಿಟ್ಟಿಲ್ಲ. ಅದು ಅಚ್ಚಿನವರ ತಪ್ಪು. ಆದರೆ ಇದು ಯಾರ ತಪ್ಪು ಎಂದು ಹೇಳು. ಪರವಾನಗಿ ಇಲ್ಲದೆ, ಬಿಡುವಿಲ್ಲದೆ ಅಲ್ಲಿ ಸಿಕ್ಕಿಬಿದ್ದಿದ್ದಾನೆ, ಮನಸ್ಸು ಮಾತ್ರ ಇಲ್ಲೇ ಇದೆ ಎಂದು ನಾನು ಮೂರು ವರ್ಷದಿಂದ ನಂಬಿದ್ದೆ. ನಿನ್ನ ಕಣ್ಣು ಯಾವಾಗ ಆ ಕಡೆಯವನದಾಯಿತು? ನಿನಗೇ ಗೊತ್ತಾಯಿತಾ?

ನನಗೆ ಭಯವಾಗುತ್ತಿದೆ.

ಬೆನಿಟಾ


ಸಾನ್ ಪೆದ್ರೊ
27 ಜನವರಿ 1997

ಬೆನಿಟಾ,

ನಿನ್ನ ಎರಡೂ ಕಾಗದ ಒಂದೇ ದಿನ ಬಂದವು. ಗಡಿಯಲ್ಲಿ ಹಿಮ ಬಿದ್ದು ಗಾಡಿಗಳು ನಿಂತಿದ್ದವಂತೆ. ಮೊದಲನೆಯದನ್ನು ಓದಿ ನಿನ್ನನ್ನು ಇನ್ನೂ ನಂಬಲಿಲ್ಲ. ಅದಕ್ಕೆ ಕ್ಷಮಿಸು. ಎರಡನೆಯದನ್ನು ಓದಿ ನನ್ನನ್ನೇ ನಂಬುವ ಹಾಗಿಲ್ಲ.

ಹೊರಗೆ ಹೋಗಿ ಬೆಟ್ಟ ನೋಡಿದೆ. ತಲೆಯಿಲ್ಲದವನು ಬಲಕ್ಕಿದ್ದ. ಕಣ್ಣು ಮುಚ್ಚಿ ಮನೆಯ ಕಡೆಯಿಂದ ಹೇಗಿತ್ತೆಂದು ನೆನೆಯಲು ನೋಡಿದೆ. ಕೆರೆ ಬಂತು, ದೊಡ್ಡಿ ಬಂತು, ನೀನು ಒಲೆ ಊದುವುದು ಬಂತು. ಬೆಟ್ಟ ಮಾತ್ರ ಈ ಕಡೆಯದೇ ಬಂತು. ಎಷ್ಟು ಸಲ ತಿರುಗಿಸಲು ನೋಡಿದರೂ ಅದು ತಿರುಗಲಿಲ್ಲ. ನೀನು ಎಡಕ್ಕೆ ಎಂದು ಬರೆದದ್ದರಿಂದ ಎಡಕ್ಕೆ ಎಂದು ಒಪ್ಪಿಕೊಂಡೆ. ಹೆತ್ತ ತಾಯಿಯ ಮುಖವನ್ನು ಬೇರೆಯವರಿಂದ ಕೇಳಿ ತಿಳಿದುಕೊಂಡ ಹಾಗಾಯಿತು. ಇಬ್ಬರು ಪ್ರವಾಸಿಗಳು ಹೊರಡಲು ಕರೆದರು. ನನಗೆ ಹುಷಾರಿಲ್ಲ, ಹೋಗಿ ಎಂದೆ.

ಈಗ ಒಂದು ಮಾತು. ಪರವಾನಗಿ ಹೋದ ಜೂನ್‌ನಲ್ಲೇ ಬಂತು. ಮೇಜಿನ ಮೇಲೆ ಇದ್ದದ್ದು ನಿಜ, ಆದರೆ ಆ ಮೇಜು ನನ್ನದೇ. ಬಂದು ಹೋಗಬಹುದಿತ್ತು. ಬರಲಿಲ್ಲ. ಇನ್ನೊಬ್ಬಳಿದ್ದಾಳೆ ಎಂದುಕೊಳ್ಳಬೇಡ, ಯಾರೂ ಇಲ್ಲ. ಇಲ್ಲಿ ಜನ ನನ್ನ ಮಾತನ್ನು ಕೂತು ಕೇಳುತ್ತಾರೆ. ಬುಗ್ಗೆಯನ್ನು ನಾನೇ ಹಚ್ಚುತ್ತೇನೆ ಎಂದರೆ ನಂಬುತ್ತಾರೆ. ಅಲ್ಲಿಗೆ ಬಂದರೆ ನಾನು ಮತ್ತೆ ಹುಟ್ಟುವಾಗಲೂ ತಡ ಮಾಡಿದ ಹಸಿಂತೊ. ಇದೇ ಕಾರಣವೋ ಬೇರೆ ಏನೋ, ನನಗೂ ಸರಿಯಾಗಿ ಗೊತ್ತಿಲ್ಲ. ದಿನ ಮುಂದೆ ಹಾಕುತ್ತಾ ಬಂದೆ. ಕಾರ್ಡು ಕಂಡಾಗ ಸಂಕಟವಾಯಿತು. ಅದರ ಜೊತೆ, ಸುಳ್ಳು ಹೇಳುವುದಿಲ್ಲ, ಸ್ವಲ್ಪ ಹಗುರವೂ ಆಯಿತು. ತಪ್ಪು ನಿನ್ನ ಕಡೆ ಹೋಯಿತಲ್ಲ ಎಂದು. ಉಣ್ಣೆಯನ್ನು ಅಷ್ಟು ಬೇಗ ಕಳಿಸಿದ್ದು ಅದಕ್ಕೇ.

ಲಿಂದೊರೊಗೆ ಹೇಳಿದ್ದೇನೆ. ಫೆಬ್ರವರಿ 8ರ ಶನಿವಾರ ಗಡಿಯವರೆಗೆ ಹೋಗುವ ಗಾಡಿಯಲ್ಲಿ ಬರುತ್ತೇನೆ, ಅಲ್ಲಿಂದ ನಡೆಯುತ್ತೇನೆ. ಪಾದ್ರಿಯೋ ಕತ್ತರಿಯೋ, ನೀನು ಹೇಳಿದ್ದು. ಕತ್ತರಿಯಾದರೆ ನಾನೇ ಲಾಮಾದ ತಲೆ ಹಿಡಿದುಕೊಳ್ಳುತ್ತೇನೆ. ಆದರೆ ನನಗೆ ಆ ಬೆಟ್ಟವನ್ನು ಅಲ್ಲಿಂದ ನೋಡಬೇಕು. ನಿನ್ನನ್ನೂ.

ಹಸಿಂತೊ


ಹಸಿರು ಕೆರೆಯ ದಡ
3 ಫೆಬ್ರವರಿ 1997

ಹಸಿಂತೊ,

ಇದನ್ನು ತೋರಿಬಿಯೊ ಗಡಿಯ ಕಂಬದ ಬಳಿ ನಿನ್ನ ಕೈಗೇ ಕೊಡುತ್ತಾನೆ. ಓದಿ ಆಮೇಲೆ ಹೆಜ್ಜೆ ಇಡು. ಓದಿದ ಮೇಲೆ ವಾಪಸು ಹೋಗಬೇಕೆನಿಸಿದರೆ ಹೋಗು, ಅವನು ಯಾರಿಗೂ ಹೇಳುವುದಿಲ್ಲ.

ನಿನ್ನ ಕಾಗದ ಓದಿ ಎರಡು ದಿನ ಒಲೆ ಹಚ್ಚಲಿಲ್ಲ. ಪ್ರವಾಸಿಗಳು ಬ್ರೆಡ್ಡು ತಿಂದರು. ಜೂನ್ ಎಂದು ಬರೆದಿದ್ದೀಯಲ್ಲ, ಅದು ಕಿವಿಯ ಗೊಂಡೆಗಿಂತ ಹೆಚ್ಚು ಉರಿಯಿತು. ಕತ್ತರಿ ತೆಗೆದುಕೊಂಡು ದೊಡ್ಡಿಗೆ ಹೋದೆ. ಬಿಳಿಯ ಲಾಮಾದ ಎಡಗಿವಿ ಹಿಡಿದೆ. ನಿನ್ನ ಹಸಿರನ್ನು ಕತ್ತರಿಸಿದೆ. ಆಮೇಲೆ ಅದರ ಮುಖ ನೋಡಿದೆ. ಒಂದು ಕಿವಿ ಬೋಳು, ಒಂದು ಕಿವಿ ಹಳದಿ. ಸರಿ ಅನ್ನಿಸಲಿಲ್ಲ. ನಾನು ಮಾತ್ರ ಮನೆಯಲ್ಲಿದ್ದೆ, ನನ್ನದು ಮಾತ್ರ ಶುದ್ಧ ಎಂದು ಸಾರಿದ ಹಾಗಿತ್ತು. ನಾನೂ ತೋರಿಬಿಯೊ ಮಾತನ್ನು ಬಚ್ಚಿಟ್ಟೆ, ನಿನ್ನ ತಾಯಿಯನ್ನು ಕಳ್ಳಿ ಎಂದುಕೊಂಡೆ. ನನ್ನ ಹಳದಿಯನ್ನೂ ಕತ್ತರಿಸಿದೆ. ಎಲ್ಲ ಲಾಮಾಗಳಿಗೂ, ಎರಡೂ ಕಿವಿ.

ದೊಡ್ಡಪ್ಪ ಫೌಸ್ತಿನೊ ಕೋಲು ಊರಿಕೊಂಡು ಓಡಿ ಬಂದ. "ಪಾದ್ರಿ ಅಂದ್ರೆ ಪಾದ್ರಿ, ಕತ್ತರಿ ಅಂದ್ರೆ ಪಾಲು! ಇದೇನಿದು? ಪಕ್ಕದೂರಿನೋರು ಬೋಳು ಕಿವಿ ಲಾಮಾ ಕಂಡ್ರೆ ಏನಂತಾರೆ?"

"ಬೋಳು ಕಿವಿ ಅಂತಾರೆ" ಅಂದೆ.

"ಯಾರ ಮಂದೆ ಅಂತ ಹೇಳ್ಬೇಕು ನಾವು?"

"ಇನ್ನೂ ಗೊತ್ತಿಲ್ಲ ಅಂತ ಹೇಳಿ ದೊಡ್ಡಪ್ಪ. ನಿಜ ಹೇಳೋಕೆ ಯಾಕೆ ನಾಚಿಕೆ?"

ನಿನ್ನ ತಾಯಿ ನಗು ತಡೆಯಲಾರದೆ ಮಂಡಿ ಹಿಡಿದುಕೊಂಡು ಕೂತಳು.

ಬಾ. ಆದರೆ ಈ ಕಾರ್ನಿವಲ್‌ಗೆ ಮದುವೆ ಇಲ್ಲ, ಪಾಲೂ ಇಲ್ಲ. ಒಬ್ಬರಿಗೊಬ್ಬರು ಸರಿಯಾಗಿ ಗೊತ್ತಿಲ್ಲ ಎಂದಾದ ಮೇಲೆ ಮೊದಲಿನಿಂದ ಶುರು ಮಾಡುವುದೇ ಲೇಸು. ಒಂದು ವರ್ಷ ಇಲ್ಲಿರು. ಲಾಮಾ ಕಾಯಿ, ಸೂರು ಹೊದೆಸು, ನಿನ್ನ ತಾಯಿಯ ಬೈಗುಳ ಕೇಳು. ಪ್ರವಾಸಿಗಳಿಗೆ ಗಾಳಿಯನ್ನು ಎಬ್ಬಿಸುವವನು ನಾನೇ ಎಂದು ಬೇಕಾದರೆ ಹೇಳು, ನಾನು ಇಲ್ಲ ಅನ್ನುವುದಿಲ್ಲ. ಬರುವ ಕಾರ್ನಿವಲ್ ಹೊತ್ತಿಗೆ ಇಬ್ಬರಿಗೂ ಮನಸ್ಸಿದ್ದರೆ ಹೊಸ ಗೊಂಡೆಗೆ ಬಣ್ಣ ಕುದಿಸೋಣ.

ಬಂದವನೇ ನೇರ ನನ್ನ ಕೋಣೆಗೆ ನುಗ್ಗಬೇಡ. ಪ್ರವಾಸಿಗಳ ಸಾಲಿನಲ್ಲಿ ಕೊನೆಯ ಮಂಚ ಖಾಲಿ ಇಟ್ಟಿದ್ದೇನೆ. ಕಂಬಳಿ ನೀನೇ ತಂದುಕೋ.

ಬೆನಿಟಾ